ಕತ್ತಿಗೆ ಅಂಟಿದ ತಾಮ್ರ

ಕುಂಬ್ಡಾಜೆಯ ಅಮ್ಮಣ್ಣಿಗೆ ನ್ಯಾಯಬುದ್ಧಿ ತುಸು ಜಾಸ್ತಿ. ಅದೇ ಅವಳನ್ನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಮುಳುಗಿಸಿತು. ರಸಾಯನಶಾಸ್ತ್ರದ ಸಮೀಕರಣ ಬಂತೆಂದರೆ, ಸಲ್ಫೇಟಿನೊಳಗಿನ ಒಂದು ಗಂಧಕವನ್ನೂ ನಾಲ್ಕು ಆಮ್ಲಜನಕವನ್ನೂ ಬಿಡಿಸಿ, ಪಂಕ್ತಿಯಲ್ಲಿ ಬಡಿಸಿದ ಹಾಗೆ ಎಲ್ಲ ಧಾತುಗಳಿಗೂ ಸಮನಾಗಿ ಹಂಚಿಬಿಡುವಳು.

"ಸಲ್ಫೇಟನ್ನು ಒಡೆಯಬೇಡ ಮಾರಾಯ್ತಿ! ಅದು ರ‍್ಯಾಡಿಕಲ್. ಒಟ್ಟಿಗೇ ಬರುವುದು, ಒಟ್ಟಿಗೇ ಹೋಗುವುದು" ಎಂದು ಬದಿಯಡ್ಕದ ಗೌರೀಶಂಕರ ಮಾಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು.

"ಯಾಕೆ ಮಾಷ್ಟ್ರೇ?"

"ಪುಸ್ತಕದಲ್ಲಿ ಉಂಟು."

ಕಾರಣ ಸಿಗದ ಮಾತು ಆ ಹಟಮಾರಿಯ ತಲೆಗೆ ಹತ್ತುತ್ತಿರಲಿಲ್ಲ. ಟೀಚರಾಗಬೇಕೆಂಬುದು ಅವಳ ಒಂದೇ ಆಸೆ. ೧೯೫೨ರ ಸೆಪ್ಟೆಂಬರ್ ಪರೀಕ್ಷೆಯೂ ಹೋದರೆ ಓದು ಸಾಕು ಎಂದು ಅಪ್ಪ ಚೆನ್ನಪ್ಪ ಹೇಳಿಯಾಗಿತ್ತು.

ಚೆನ್ನಪ್ಪ ಅಡಿಕೆಯ ಕೊಳೆರೋಗಕ್ಕೆ ಮದ್ದು ಕಲಸುವವನು. ಪೀಪಾಯಿಯಲ್ಲಿ ಮೈಲುತುತ್ತಿನ ನೀಲಿ ನೀರಿಗೆ ಸುಣ್ಣ ಸೇರಿಸಿ ಹದ ಮಾಡುವುದರಲ್ಲಿ ಅವನದು ಎತ್ತಿದ ಕೈ. ಆಗಸ್ಟಿನಲ್ಲಿ ಅವನು ಜ್ವರ ಹಿಡಿದು ಮಲಗಿದಾಗ ಆ ಕೆಲಸ ಮಗಳ ಪಾಲಿಗೆ ಬಂತು.

"ಕತ್ತಿ ಅದ್ದಿ ನೋಡು ಮಗಾ. ಕೆಂಪಾದರೆ ಸುಣ್ಣ ಸಾಲದು, ಎಳೆಕಾಯಿ ಸುಟ್ಟುಹೋದೀತು" ಎಂದ ಜಗಲಿಯಿಂದಲೇ.

ಅದ್ದಿದಳು. ಕತ್ತಿಯ ಮೇಲೆ ತಾಮ್ರ ಹೊಳೆಯಿತು, ಹುಣಿಸೆಹಣ್ಣು ಹಾಕಿ ತಿಕ್ಕಿದ ಚೆಂಬಿನಂತೆ. ಹುಟ್ಟಿದಂದಿನಿಂದ ಕಂಡದ್ದೇ ಅದು. ಆದರೆ ಅಂದು ಅವಳ ಕೈ ಅಲ್ಲೇ ನಿಂತಿತು.

ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟು. ಆಮ್ಲಜನಕ ಸೇರಿದರೆ ತಾಮ್ರ ಕಪ್ಪಾಗುವುದನ್ನು ಶಾಲೆಯಲ್ಲಿ ತೋರಿಸಿದ್ದರು. ಇದೋ, ಕೆಂಪಗೆ ಹೊಳೆಯುತ್ತಿದೆ! ಅಂದರೆ ಇದರ ಪಾಲಿಗೆ ಒಂದು ಆಮ್ಲಜನಕವೂ ಬಂದಿಲ್ಲ. ನಾಲ್ಕೂ ಗಂಧಕವನ್ನು ಬಿಡದೆ, ತಾಮ್ರವೊಂದನ್ನೇ ಹಿಂದೆ ಬಿಟ್ಟು, ಕತ್ತಿಯ ಕಬ್ಬಿಣದ ಜೊತೆ ಹೊರಟುಹೋಗಿವೆ.

"ಅಪ್ಪಾ! ಸಲ್ಫೇಟು ಒಡೆಯುವುದಿಲ್ಲ!"

"ಪೀಪಾಯಿ ಒಡೆಯದಿದ್ದರೆ ಸಾಕು" ಎಂದು ಚೆನ್ನಪ್ಪ ಮಗ್ಗುಲು ಬದಲಿಸಿದ.

ಅವಳು ಇನ್ನಷ್ಟು ಸುಣ್ಣ ಸುರಿದು, ಕತ್ತಿ ಉಜ್ಜಿ ಮತ್ತೆ ಅದ್ದಿದಳು. ಕೆಂಪು ಬರಲಿಲ್ಲ. ಸಲ್ಫೇಟು ಈಗ ಇಡಿಯಾಗಿ ಸುಣ್ಣದ ಪಕ್ಷ ಸೇರಿತ್ತು. ಅಮ್ಮಣ್ಣಿ ಅಂಗಳದಲ್ಲೇ ಕುಣಿದಳು.

ಪರೀಕ್ಷೆಯಲ್ಲಿ ಸಲ್ಫೇಟು, ನೈಟ್ರೇಟು, ಕಾರ್ಬೊನೇಟು ಎಲ್ಲವನ್ನೂ ಗಂಟು ಬಿಚ್ಚದೆ ದಾಟಿಸಿದಳು. ಪಾಸಾದಳು, ಟ್ರೈನಿಂಗ್ ಮುಗಿಸಿದಳು, ಕಲಿತ ಶಾಲೆಗೇ ಟೀಚರಾಗಿ ಬಂದಳು.

ರ‍್ಯಾಡಿಕಲ್ ಪಾಠದ ದಿನ ಗೌರೀಶಂಕರ ಮಾಷ್ಟ್ರು ಹಿಂದಿನ ಬೆಂಚಿನಲ್ಲಿ ಬಂದು ಕುಳಿತರು. ಸಲ್ಫೇಟನ್ನು ಒಡೆಯಬಾರದು ಎಂದು ಅಮ್ಮಣ್ಣಿ ಹೇಳಿ ಮುಗಿಸಿರಲಿಲ್ಲ, ಮುಂದಿನ ಸಾಲಿನ ದಮಯಂತಿ ಎಂಬ ಹುಡುಗಿ ಎದ್ದು ನಿಂತಳು.

"ಯಾಕೆ ಟೀಚರ್?"

ಇದೇ ಪ್ರಶ್ನೆಗಾಗಿ ಅಮ್ಮಣ್ಣಿ ಇಷ್ಟು ವರ್ಷ ಕಾದಿದ್ದಳು. ಚೀಲದಿಂದ ಅಪ್ಪನ ಕತ್ತಿ ತೆಗೆದು ಮೈಲುತುತ್ತಿನ ನೀರಿಗೆ ಅದ್ದಿದಳು. ಮಕ್ಕಳು ಮೇಜಿಗೆ ಮುತ್ತಿದರು. ಕೆಂಪು ಯಾಕೆ ಹೊಳೆಯಿತೆಂದು ಅವಳು ವಿವರಿಸಿ ಮುಗಿಸುವಾಗ, ಮಕ್ಕಳ ಹಿಂದೆ ಮಾಷ್ಟ್ರೂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡುತ್ತಿದ್ದರು.

"ಮೂವತ್ತು ವರ್ಷ ಪುಸ್ತಕದಲ್ಲಿ ಉಂಟು ಎಂದೇ ಹೇಳಿದೆ. ಇನ್ನೊಮ್ಮೆ ಅದ್ದಿ, ಟೀಚರೇ" ಎಂದರು.