ಅವ್ವನ ವಸಡು

ನಮ್ಮ ಬಚ್ಚಲಮನೆಯ ಕಿಟಕಿಯಲ್ಲಿ, ಮೊಮ್ಮಕ್ಕಳ ಬಣ್ಣಬಣ್ಣದ ಬ್ರಷ್ಷುಗಳ ಪಕ್ಕ, ಒಂದು ಜಾಲಿಕಡ್ಡಿ ಸದಾ ಒರಗಿಕೊಂಡಿರುತ್ತದೆ. ಅದು ನನ್ನದು. ಮೊಮ್ಮಕ್ಕಳು ನಗಲಿ ಬಿಡಲಿ, ದಿನಾ ಬೆಳಿಗ್ಗೆ ಅದರ ತುದಿಯನ್ನು ಜಗಿದು ಕುಂಚ ಮಾಡಿಕೊಳ್ಳುತ್ತ, ಒಗರು ರಸ ನಾಲಿಗೆಗೆ ಇಳಿಯುವಾಗ ಒಂದಿಷ್ಟು ಜಂಬದಿಂದಲೇ ಕನ್ನಡಿ ನೋಡಿಕೊಳ್ಳುತ್ತೇನೆ.

ಜಂಬ ಹಲ್ಲಿನದಲ್ಲ, ವಸಡಿನದು. ಲೋಕದಲ್ಲಿ ಹಲ್ಲಿಗಿರುವ ಮರ್ಯಾದೆ ವಸಡಿಗಿಲ್ಲ ನೋಡಿ. ದಾಳಿಂಬೆ ಬೀಜವೆಂದೂ ಮಲ್ಲಿಗೆ ಮೊಗ್ಗೆಂದೂ ಹಲ್ಲನ್ನು ಹೊಗಳಿದವರು, ಆ ಮೊಗ್ಗುಗಳು ಯಾವ ನೆಲದಲ್ಲಿ ಬೇರೂರಿವೆ ಎಂದು ಬಗ್ಗಿ ನೋಡಿದ್ದುಂಟೇ? 'ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ' ಎಂಬ ಗಾದೆಯಲ್ಲೂ ಪಾಪದ ವಸಡಿಗೆ ಜಾಗವಿಲ್ಲ. ನೊಂದು ರಕ್ತ ಒಸರಿದಾಗಲೇ ಅದು ಇದೆಯೆಂಬ ನೆನಪು. ನಮ್ಮ ಮನೆಯಲ್ಲಿ ಹಾಗೆ ನೆನಪಾದದ್ದು ನಾನಿನ್ನೂ ಅವ್ವನ ಹೊಟ್ಟೆಯಲ್ಲಿದ್ದಾಗ.

ನಿಜಾಮರ ಆಳ್ವಿಕೆಯ ಕೊನೆಗಾಲ. ಗೋಗಿಯ ಸಮೀಪದ ಹಳ್ಳಿಯಲ್ಲಿ ನಮ್ಮದು ಕುರಿ ಸಾಕುವ ಮನೆತನ. ಒಂದು ಬೆಳಿಗ್ಗೆ ಅವ್ವ ಬಾಯಿ ಮುಕ್ಕಳಿಸಿ ಉಗುಳಿದ ನೀರು ಕೆಂಪಾಗಿದ್ದುದು ಅವಳ ಮಾವನ, ಅಂದರೆ ನನ್ನ ಅಜ್ಜನ, ಕಣ್ಣಿಗೆ ಬಿತ್ತು. ಬಾಯಲ್ಲಿ ರಕ್ತ ಕಂಡರೆ ಕ್ಷಯವೆಂದೇ ಜನ ನಡುಗುತ್ತಿದ್ದ ಕಾಲವದು. ಒಂದು ಕುರಿಗೆ ಬೇನೆ ತಾಗಿದರೆ ಹಿಂಡಿನಿಂದ ಬೇರೆ ಕಟ್ಟುವುದು ಕುರಿಗಾರರ ಮೊದಲ ಪಾಠ. ಅಜ್ಜ ಸೊಸೆಗೂ ಅದನ್ನೇ ಮಾಡಿದ. ಬೇರೆ ತಾಟು, ಬೇರೆ ತಂಬಿಗೆ, ಕುರಿದಡ್ಡಿಯ ಮಗ್ಗುಲ ಚಪ್ಪರದಲ್ಲಿ ಹಾಸಿಗೆ. ಮರುದಿನ ತವರಿಗೆ ಕಳಿಸುವುದೆಂದೂ ನಿಶ್ಚಯವಾಯಿತು. ಹಾಗೆ ಹೋದವಳನ್ನು ಯಾರೂ ಮರಳಿ ಕರೆಯುವುದಿಲ್ಲವೆಂದು ಅವ್ವನಿಗೆ ಗೊತ್ತಿತ್ತು.

ಮಾವನೆದುರು ಸೊಲ್ಲೆತ್ತಿದ ಸೊಸೆಯಲ್ಲ ಅವಳು. ಆದರೆ ಬೆಳಗಾಗಿ ಬಂಡಿ ಸಿದ್ಧವಾದಾಗ, ಯಾರೋ ಮಾರಲು ತಂದ ಟಗರಿನ ತುಟಿಯೆತ್ತಿ ಅಜ್ಜ ಅದರ ಹಲ್ಲು, ವಸಡು ಪರೀಕ್ಷಿಸುತ್ತಿದ್ದುದನ್ನು ಕಂಡಳು. ಪ್ರಾಣಿಯ ವಯಸ್ಸು, ಆರೋಗ್ಯ ಎಲ್ಲ ಅವನು ಅಲ್ಲೇ ಓದುತ್ತಿದ್ದ. ಅವ್ವ ನೆಟ್ಟಗೆ ಹೋಗಿ ಎದುರು ನಿಂತಳಂತೆ.

"ಮಾವಾರ, ಬಾಯಿ ನೋಡದೆ ನೀವು ಕುರೀನೂ ಬ್ಯಾರೆ ಕಟ್ಟಂಗಿಲ್ಲ. ನನ್ನ ಬಾಯಿ ಯಾಕ ನೋಡಲಿಲ್ರಿ?"

ಅಷ್ಟಂದು ತಾನೇ ತುಟಿಯೆತ್ತಿ, ಊದಿಕೊಂಡ ವಸಡನ್ನು ಬೆರಳಿನಿಂದ ಒತ್ತಿದಳು. ರಕ್ತ ಅಲ್ಲಿಂದಲೇ ಒಸರಿತು.

"ಕೆಮ್ಮಿಲ್ಲ, ಜ್ವರ ಇಲ್ಲ. ಎದಿ ಗಟ್ಟಿ ಐತ್ರಿ."

ಆಗ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಮೆಲ್ಲಗೆ ಬಾಯಿ ಬಿಟ್ಟಳು. "ಬಸುರಾಗಿದ್ದಾಗ ನನಗೂ ಹಿಂಗ ಆಗಿತ್ತು. ಉಗುಳಿದರ ನಿಮಗ ಕಾಣ್ತದಂತ ಹೆದರಿ ನುಂಗತಿದ್ದೆ."

ಅಜ್ಜ ಎತ್ತುಗಳನ್ನು ಬಂಡಿಯಿಂದ ಬಿಚ್ಚಿದ. ಕೊಡಲಿ ಹಿಡಿದು ಹೊಲದ ಬದುವಿಗೆ ಹೋಗಿ ಎಳೆಯ ಜಾಲಿಕಡ್ಡಿ ಕಡಿದು ತಂದ. ಅಂಗಳದಲ್ಲಿ ಕುಳಿತು ಒಂದೊಂದೇ ಮುಳ್ಳು ಬಿಡಿಸಿ ಸೊಸೆಯ ಮುಂದಿಟ್ಟ.

"ತಪ್ಪಾತವ್ವ. ಬೂದಿ ಬ್ಯಾಡ, ಇದರಲೆ ಮೆತ್ತಗ ತಿಕ್ಕು. ಉಪ್ಪಿನ ನೀರು ಮುಕ್ಕಳಿಸು."

ನಾನು ಹುಟ್ಟಿದ ಮೇಲೆ ರಕ್ತ ತಾನಾಗಿ ನಿಂತಿತು. 'ಒಳಗ ಕುಂತು ಅವ್ವನ ವಸಡು ಕಡಿದಾಂವ' ಎಂದು ಓಣಿಯವರೆಲ್ಲ ನನ್ನನ್ನು ಕಾಡಿಸಿದರು. ಆ ಬಿರುದು ನನಗೆ ಇಂದಿಗೂ ಇಷ್ಟ. ಅಂಥ ತಾಯಿಯ ಮಗನೆಂದು ಹೇಳಿಕೊಳ್ಳಲು ಬೇರೆ ಬಿರುದೇಕೆ ಬೇಕು? ಯೋಚಿಸಿದರೆ, ಅವಳ ಧೈರ್ಯ ದೊಡ್ಡದೋ, ಅಷ್ಟು ವರ್ಷ ನುಂಗಿದ್ದನ್ನು ನಾಲ್ವರ ಮುಂದೆ ಆಡಿದ ಅಜ್ಜಿಯದು ದೊಡ್ಡದೋ ಎಂದು ತೂಗಲು ನನಗಿನ್ನೂ ಆಗಿಲ್ಲ.

ಇವತ್ತು ಬೆಳಿಗ್ಗೆ, ತವರಿಗೆ ಬಂದಿರುವ ಬಸುರಿ ಮೊಮ್ಮಗಳು ಬಚ್ಚಲಿನಿಂದಲೇ ಮನೆಗೆಲ್ಲ ಕೇಳುವಂತೆ ಕೂಗಿದಳು: "ಮುತ್ಯಾ, ಹಲ್ಲು ತಿಕ್ಕಿದರ ರಕ್ತ ಬರಾಕತ್ತದ."

ಡಾಕ್ಟರಿಗೆ ತೋರಿಸೋಣ ನಡೆ ಎಂದೆ. ಹೊರಡುವ ಮುನ್ನ ಜಾಲಿಕಡ್ಡಿಯನ್ನು ತೊಳೆದು ಕಿಟಕಿಯಲ್ಲಿಟ್ಟೆ. ಅವಳು ನುಂಗಲಿಲ್ಲ, ಕೂಗಿದಳು.