ಬಾಗಿಲ ಗುರುವಯ್ಯ ಮತ್ತು ಮೂತಿ ಲಾರಿ

ಗೋಣಿಬೀಡಿನಲ್ಲಿ ಗುರುವಯ್ಯನನ್ನು ಬರೀ ಗುರುವಯ್ಯ ಎಂದು ಯಾರೂ ಕರೆಯುವುದಿಲ್ಲ. ಬಾಗಿಲ ಗುರುವಯ್ಯ ಎಂದರೇ ಗೊತ್ತಾಗುವುದು. ತಗಡು ಬಡಿಯುವವರು, ಬಣ್ಣ ಹೊಡೆಯುವವರು ಮೂಡಿಗೆರೆ ರಸ್ತೆಯುದ್ದಕ್ಕೂ ಇದ್ದಾರೆ. ಆದರೆ ಜೀಪಿನ ಬಾಗಿಲು ಜೋತುಬಿದ್ದರೆ ಜನ ಇವನನ್ನೇ ಹುಡುಕಿಕೊಂಡು ಬರುತ್ತಾರೆ. ಅರವತ್ತೊಂದರ ಪ್ರಾಯ, ಬಸ್ಸಿನಲ್ಲಿ ಕೂತರೂ ಕಿವಿ ಬಾಗಿಲಿನ ಕಡೆಗೇ. ‘ಕೆಳಗಿನ ಕೀಲು ಸವೆದಿದೆ, ನೋಡ್ಕೋ ಮಾರಾಯ’ ಎಂದು ಕಂಡಕ್ಟರನಿಗೆ ಹೇಳಿಯೇ ಇಳಿಯುವುದು. ಸ್ವಂತ ಮನೆಯ ಬಚ್ಚಲ ಬಾಗಿಲು ಮಾತ್ರ ಎಂಟು ವರ್ಷಗಳಿಂದ ಒಂದು ಕಲ್ಲಿನ ಆಸರೆಯಲ್ಲಿ ನಿಂತಿದೆ. ಆ ಮಾತೆತ್ತಿದರೆ ಹೆಂಡತಿ ನಗುವುದಿಲ್ಲ.

ಈ ದಸರೆಗೆ ಮುಂಚೆ ಎಸ್ಟೇಟಿನ ಬಸವರಾಜಪ್ಪನವರು ಅವನನ್ನು ಕರೆಸಿದರು. ಅವರ ತಂದೆ ಕಾಫಿ ಸಾಗಿಸುತ್ತಿದ್ದ, ಎಂಜಿನ್ ಮುಂದಕ್ಕೆ ಮೂತಿಯಂತೆ ಚಾಚಿದ ಹಳೆಯ ಮೂತಿ ಲಾರಿ ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ತುಕ್ಕು ಹಿಡಿದು ಕೂತಿತ್ತು. ಅದನ್ನು ಮತ್ತೆ ಹೊಸದಾಗಿಸಿ, ಎಂಬತ್ತೆರಡರ ತಾಯಿ ಶಿವಗಂಗಮ್ಮನವರನ್ನು ಅದರಲ್ಲೇ ಹೊರನಾಡಿನ ದೇವಸ್ಥಾನಕ್ಕೆ ಕರೆದೊಯ್ಯಬೇಕೆಂಬುದು ಮಗನ ಆಸೆ. ಆದರೆ ಶಿವಗಂಗಮ್ಮನವರು ಸುಲಭದಲ್ಲಿ ಬಗ್ಗುವವರಲ್ಲ.

“ಕೊಟ್ಟಿಗೆಹಾರದ ತಿರುವಲ್ಲಿ ಬಾಗಿಲು ತೆರ್ಕೊಂಡು ನಾನು ಅರ್ಧ ಹೊರಗೆ, ಅರ್ಧ ಒಳಗೆ. ನಿಮ್ಮಪ್ಪ ಅದು ಗೊತ್ತೇ ಇಲ್ದೆ ಹಾಡು ಹೇಳ್ತಾ ಓಡಿಸ್ತಿದ್ರು! ಅವತ್ತು ಇಳಿದವಳು ಮತ್ತೆ ಹತ್ತಿಲ್ಲ. ಗುರುವಯ್ಯ, ಬಾಗಿಲನ್ನ ನಾನೇ ಹಾಕೋ ಹಾಗಿರಬೇಕು. ದಡಾರ್ ಅಂತ ಬಡಿಯೋ ಹಾಗಿದ್ರೆ ನಂಗೆ ಜೀಪೇ ಸಾಕು.”

“ಒಂದು ಬೆರಳು ಸಾಕು, ಅಮ್ಮೋರೆ,” ಎಂದುಬಿಟ್ಟ ಗುರುವಯ್ಯ.

ಅವನ ಶೆಡ್ಡಿಗೆ ಲಾರಿಯ ಮೂತಿಯಷ್ಟೇ ಹಿಡಿಸುತ್ತಿತ್ತು. ಹಣ್ಣು ಕೊಯ್ಲಿಗೆ ಇನ್ನೂ ಎರಡು ತಿಂಗಳಿತ್ತು. ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕಣ ಖಾಲಿ. ಈ ಗುಡ್ಡಗಳ ಸೀಮೆಯಲ್ಲಿ ಅದಕ್ಕಿಂತ ಸಪಾಟಾದ ಜಾಗ ಎಲ್ಲಿ ಸಿಕ್ಕೀತು? ಚಕ್ರ ಬಿಚ್ಚಿ, ಒಂದೇ ಎತ್ತರದ ನಾಲ್ಕು ಮರದ ದಿಮ್ಮಿಗಳ ಮೇಲೆ ಲಾರಿಯ ಚೌಕಟ್ಟನ್ನು ಕೂರಿಸಿ, ಮೇಲೆ ಟಾರ್ಪಾಲು ಕಟ್ಟಿದ. ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆದ. ಬಾಗಿಲುಗಳಿಗೇ ಹನ್ನೊಂದು ದಿನ ಹಿಡಿಯಿತು. ಎರಡು ಸೈಕಲ್ ಕಡ್ಡಿಗಳನ್ನು ಒಂದರ ಮೇಲೊಂದು ಬೆಸೆದು ಮಾಡಿದ ಅಳತೆ ಅವನದು. ಅದು ಬಾಗಿಲಿನ ಸಂದಿನಲ್ಲಿ ಸುತ್ತಲೂ ಎಲ್ಲಿಯೂ ಸಿಕ್ಕದೆ, ಎಲ್ಲಿಯೂ ಸಡಿಲಾಗದೆ ಜಾರಬೇಕು. ಜಾರಿತು. ಒಂದು ಬೆರಳಿಗೆ ಬಾಗಿಲು ಮುಚ್ಚಿಕೊಂಡಿತು. ಅಷ್ಟರಲ್ಲಿ ಮೂಡಿಗೆರೆಯ ಮೆಕ್ಯಾನಿಕ್ ಬಂದು ಎಂಜಿನ್ನಿಗೆ ಜೀವ ಕೊಟ್ಟಿದ್ದ. ಹಸಿರು ಬಣ್ಣವೂ ಆಯಿತು.

ಶುಕ್ರವಾರ ಹೊರಡುವುದೆಂದು ನಿಶ್ಚಯವಾಗಿತ್ತು. ಬುಧವಾರ ಚಕ್ರ ಹಾಕಿ ಲಾರಿಯನ್ನು ಮನೆಯಂಗಳಕ್ಕೆ ತಂದು ನಿಲ್ಲಿಸಿದರು. ಗುರುವಯ್ಯ ಎಲ್ಲರೆದುರು ಎಡಬಾಗಿಲಿಗೆ ಬೆರಳಿಟ್ಟು ತಳ್ಳಿದ. ಬಾಗಿಲಿನ ಮೇಲಿನ ಮೂಲೆ ಕ್ಯಾಬಿನ್ನಿನ ಕಂಬಕ್ಕೆ ಬಡಿದು ನಿಂತಿತು. ಅಂಗೈಯಿಂದ ತಳ್ಳಿದ. ಭುಜ ಕೊಟ್ಟ. ಅದು ಜಪ್ಪಯ್ಯ ಎನ್ನಲಿಲ್ಲ.

ಜಗಲಿಯಿಂದ ಶಿವಗಂಗಮ್ಮನವರ ದನಿ ಬಂತು: “ಬೆರಳು ದಪ್ಪ ಆಯ್ತೇನೋ, ಗುರುವಯ್ಯ?”

ಗುರುವಯ್ಯ ತಿರುಗಿ ನೋಡದೆ ಬಾಗಿಲಿಗೆ ಬಗ್ಗಿದ. ಕೀಲು ನೋಡಿದ, ಸರಿಯಾಗಿತ್ತು. ಚಿಲಕವೂ ಸರಿಯಾಗಿತ್ತು. ನಿನ್ನೆ ಕೂತ ಬಾಗಿಲು ಇವತ್ತು ಕೂರುವುದಿಲ್ಲವೆಂದರೆ?

“ಮೂಲೇನ ಗ್ರೈಂಡರಲ್ಲಿ ಒಂಚೂರು ಹೊಡೆದುಬಿಡು ಮಾರಾಯ,” ಎಂದರು ಬಸವರಾಜಪ್ಪ.

ಬೇರೆ ದಾರಿ ಕಾಣದೆ ಗುರುವಯ್ಯ ಗ್ರೈಂಡರನ್ನು ಕೈಗೆತ್ತಿಕೊಂಡ. ಮೂವತ್ತೈದು ವರ್ಷಗಳಲ್ಲಿ ಒಂದು ಬಾಗಿಲನ್ನೂ ಅವನು ಹಾಗೆ ಕೊಯ್ದವನಲ್ಲ.

“ಕಣದಲ್ಲಿ ಸರಿಯಾಗೇ ಕೂತಿತ್ತು,” ಎಂದು ಗೊಣಗಿದ. “ಅಷ್ಟು ಸಪಾಟು ಜಾಗ!”

ಅಂಗಳ ಗುಡಿಸುತ್ತಿದ್ದ ಶಂಕರಮ್ಮ ಕಿಸಕ್ಕನೆ ನಕ್ಕಳು. ಇಪ್ಪತ್ತಾರು ವರ್ಷಗಳಿಂದ ಆ ಕಣದಲ್ಲಿ ಕಾಫಿ ಒಣಗಿಸುತ್ತ ಬಂದವಳು ಅವಳು.

“ಸಪಾಟಾ? ಕಣ ಸಪಾಟಿದ್ರೆ ಮಳೆ ನೀರು ಎಲ್ಲಿಗೆ ಹೋಗ್ಬೇಕು ಗುರುವಣ್ಣ? ಒಣಗೋಕೆ ಹಾಕಿದ ಕಾಫಿ ಬೀಜ ಎಲ್ಲ ಕೊಳ್ತು ಹೋಗಲ್ವ? ಬನ್ನಿ ಇಲ್ಲಿ.”

ಅವನು ಗ್ರೈಂಡರ್ ಕೆಳಗಿಟ್ಟು ಅವಳ ಹಿಂದೆ ಕಣಕ್ಕೆ ಹೋದ. ಅವಳು ಕೊಡದ ತುಂಬ ನೀರು ತಂದು ಕಣದ ನಡುವೆ ಸುರಿದಳು. ನೀರು ಅತ್ತಿತ್ತ ನೋಡದೆ, ಮನೆಗೆ ಹೊರಟ ದನದಂತೆ, ನೇರ ಒಂದು ಮೂಲೆಗೆ ಓಡಿ ಅಲ್ಲಿನ ಕಿಂಡಿಯಲ್ಲಿ ಇಳಿದುಹೋಯಿತು. ಲಾರಿಯ ಎಡ ಮುಂಭಾಗದ ದಿಮ್ಮಿ ನಿಂತಿದ್ದ ಗುರುತು ಆ ಕಿಂಡಿಯ ಪಕ್ಕದಲ್ಲೇ ಇತ್ತು.

ಗುರುವಯ್ಯ ಹಣೆ ಚಚ್ಚಿಕೊಂಡ. ದಿಮ್ಮಿಗಳ ಎತ್ತರ ಒಂದೇ ಇತ್ತು, ನೆಲ ಒಂದೇ ಇರಲಿಲ್ಲ. ಕಿಂಡಿಯ ಪಕ್ಕದ ಒಂದು ಮೂಲೆಯಷ್ಟೇ ತಗ್ಗಿ ಚೌಕಟ್ಟು ಒದ್ದೆಬಟ್ಟೆಯಂತೆ ತಿರುಚಿಕೊಂಡಿತ್ತು. ಆ ಸೊಟ್ಟಕ್ಕೇ ಅವನು ಬಾಗಿಲು ಹೊಂದಿಸಿದ್ದ. ಚಕ್ರದ ಮೇಲೆ ನಿಂತಕೂಡಲೇ ಲಾರಿ ನೆಟ್ಟಗಾಗಿತ್ತು. ಬಾಗಿಲು ಮಾತ್ರ ಸೊಟ್ಟಗೇ ಉಳಿದಿತ್ತು.

“ನಲವತ್ತು ದಿನ ಇಲ್ಲೇ ಇದ್ರಿ. ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ,” ಎಂದಳು ಶಂಕರಮ್ಮ.

“ನೀನೇ ಹೇಳ್ಬಹುದಿತ್ತಲ್ಲ!”

“ಬಾಗಿಲ ಗುರುವಯ್ಯಂಗೆ ನಾನು ಹೇಳೋದಾ?”

ಗುರುವಾರ ಬೆಳಿಗ್ಗೆ ಗಾರೆಯವರ ನೀರಿನ ಪೈಪು ತರಿಸಿ, ಅದರಲ್ಲೇ ಮಟ್ಟ ನೋಡಿ, ಲಾರಿಯನ್ನು ನಾಲ್ಕು ಚಕ್ರಗಳ ಮೇಲೂ ಸಮನಾಗಿ ನಿಲ್ಲಿಸಿದ. ಬಾಗಿಲಿನ ಅಂಚಿಗೆಲ್ಲ ಹಳೆ ಸೀರೆಯ ಚೂರು ಸುತ್ತಿದ, ಬಣ್ಣ ಕೆರೆಯದಿರಲೆಂದು. ಕೀಲುಗಳನ್ನು ಸಡಿಲಿಸಿ, ಬಾಗಿಲ ಕೆಳಗೆ ಹಾರೆ ಕೊಟ್ಟು ಶಂಕರಮ್ಮನ ಕೈಗಿತ್ತ.

“ಒಂದು ನೂಲಿನಷ್ಟು ಇಳಿಸು.”

“ಇಷ್ಟಾ?”

“ಅದು ನೂಲಲ್ಲ, ಹಗ್ಗ!”

“ಸರಿಯಾಗಿ ಹೇಳಿ ಮತ್ತೆ. ನೂಲಂತೆ, ಹಗ್ಗವಂತೆ. ನಾನೇನು ಬಾಗಿಲು ಇಳಿಸ್ತಿದ್ದೀನಾ, ಬಟ್ಟೆ ನೇಯ್ತಿದ್ದೀನಾ?”

ಮಧ್ಯಾಹ್ನದ ಹೊತ್ತಿಗೆ ಸೈಕಲ್ ಕಡ್ಡಿ ಸುತ್ತಲೂ ಜಾರಿತು. ಗುರುವಯ್ಯ ಈ ಸಲ ಯಾರನ್ನೂ ಕರೆಯಲಿಲ್ಲ. ಕಲ್ಲು ಮಣ್ಣಿನ ಎಸ್ಟೇಟ್ ರಸ್ತೆಯಲ್ಲಿ ಲಾರಿಯನ್ನು ಎರಡು ಸುತ್ತು ಓಡಿಸಿಕೊಂಡು ಬಂದು, ಬಾಗಿಲು ತೆಗೆದು ಹಾಕಿ ನೋಡಿ, ಆಮೇಲೆ ಊಟಕ್ಕೆ ಕೂತ.

ಶುಕ್ರವಾರ ಶಿವಗಂಗಮ್ಮನವರು ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಿ ಕೂತರು. ಬಾಗಿಲನ್ನು ಎಳೆದುಕೊಂಡರು. ಡಬ್ಬಿಯ ಮುಚ್ಚಳ ಕೂತಷ್ಟೇ ಸದ್ದು. ಅವರು ಮತ್ತೆ ತೆಗೆದರು, ಮತ್ತೆ ಹಾಕಿದರು. ನಾಲ್ಕನೆಯ ಸಲಕ್ಕೆ ಬಸವರಾಜಪ್ಪ, “ಅಮ್ಮ, ಹೊರಡೋಣ್ವಾ?” ಎಂದರು.

“ತಡಿಯೋ, ಈಗ ರುಚಿ ಹತ್ತಿದೆ. ಶಂಕರಮ್ಮ, ನೀನೂ ಬಾರೇ, ಮಧ್ಯದಲ್ಲಿ ಜಾಗ ಇದೆ. ಗುರುವಯ್ಯ, ನೀನು ಹಿಂದೆ ಹತ್ತು.”

ಗುರುವಯ್ಯ ಹಿಂದೆ ಹತ್ತಿ, ಕ್ಯಾಬಿನ್ನಿನ ಎಡಮೂಲೆಗೆ ಕಿವಿಗೊಟ್ಟು ನಿಂತ. ಕೊಟ್ಟಿಗೆಹಾರದ ತಿರುವು ಬಂತು. ಕಟಕಟ ಎಂದೀತೇ ಎಂದು ಆಲಿಸಿದ. ಒಳಗಿನ ಇಬ್ಬರು ಹೆಂಗಸರು ಅದೇನು ಹೇಳಿಕೊಂಡು ನಗುತ್ತಿದ್ದರೋ, ಆ ಗಲಾಟೆಯಲ್ಲಿ ಬಾಗಿಲಿನ ಸದ್ದು ಇತ್ತೋ ಇಲ್ಲವೋ ಹೊರನಾಡಿನ ಹತ್ತಿರದ ಕಳಸ ಬರುವವರೆಗೂ ಅವನಿಗೆ ಗೊತ್ತಾಗಲಿಲ್ಲ.