ಮೂರನೆಯ ಬೇಸಿಗೆಯ ಹೂಪಾತಿ

ಗುನ್ವೋರ್ ಸೆಡರ್‌ಹೋಮ್ ಮೂವತ್ತನಾಲ್ಕು ವರ್ಷ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಟ್ರಾಮ್ ಓಡಿಸಿದವಳು. ನಿವೃತ್ತಳಾದ ಮೇಲೆ ನಗರದಂಚಿನ ನಮ್ಮ ತೋಟದ ಸಂಘದಲ್ಲಿ ನನ್ನ ಪಕ್ಕದ ತುಂಡು ನೆಲವನ್ನು ಪಡೆದಳು. ಅದುವರೆಗೆ ಒಂದು ಗಿಡವನ್ನೂ ನೆಟ್ಟವಳಲ್ಲ. ನಾನು ಸಸ್ಯಶಾಸ್ತ್ರ ಕಲಿಸಿದವಳು. ಹೊಸಬರಿಗೆ ಹೂಪಾತಿ ಹಾಕಿಸುವ ಕೆಲಸ ನನ್ನದಾಗಿತ್ತು. ಆ ವರ್ಷದ ಫೆಬ್ರವರಿಯಲ್ಲೇ ವೈದ್ಯರು ಅವಳಿಗೆ ಇನ್ನೊಂದು ವರ್ಷವೂ ಉಳಿದಿಲ್ಲವೆಂದು ಹೇಳಿದ್ದರು. ಅದು ನನಗೆ ತಿಳಿದದ್ದು ಅವಳು ತೀರಿಕೊಂಡ ಮೇಲೆ.

ಏಪ್ರಿಲ್ ಕೊನೆಯಲ್ಲಿ ಕೈತುಂಬ ಬೀಜದ ಪೊಟ್ಟಣ ಹಿಡಿದು ಬಂದಳು: ಸೂರ್ಯಕಾಂತಿ, ಕಾಸ್ಮೋಸ್, ಗಸಗಸೆ.

"ಪ್ರೊಫೆಸರಮ್ಮ, ಇವನ್ನೆಲ್ಲ ಚೆಲ್ಲಿಬಿಡ್ಲಾ?"

"ಕೋಳಿಗೆ ಕಾಳು ಹಾಕ್ತಿದೀಯಾ? ಮೊದ್ಲು ಬಿಸಿಲು ಎಲ್ಲಿ ಬೀಳುತ್ತೆ ನೋಡು."

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಿಂತು ನೆರಳಿನ ಗೆರೆಗೆ ಕಡ್ಡಿ ನೆಟ್ಟಳು. ನಾನು ಚೌಕುಳಿ ಕಾಗದದ ಮೇಲೆ ನಕ್ಷೆ ಬರೆದೆ: ಹಿಂದೆ ಎತ್ತರದ ಡೆಲ್ಫಿನಿಯಂ, ನಡುವೆ ಪಿಯೋನಿ, ಮುಂದೆ ಗಿಡ್ಡ ಜೆರೇನಿಯಂ. ವರ್ಷವರ್ಷವೂ ಚಿಗುರುವ ಗಿಡಗಳು. ಜೇಡಿಮಣ್ಣನ್ನು ಆಳವಾಗಿ ಅಗೆದು ಗೊಬ್ಬರ ಬೆರೆಸಿದೆವು. ಅವಳು ಆಗಾಗ ಗುದ್ದಲಿಗೆ ಒರಗಿ ನಿಲ್ಲುತ್ತಿದ್ದಳು. ನೋಡಿದೆ; ಕೇಳಲಿಲ್ಲ. ತಾವಾಗಿ ಹೇಳದವರನ್ನು ಕೇಳುವುದು ನಮ್ಮಲ್ಲಿ ಅಸಭ್ಯತೆ.

ಗಿಡದಿಂದ ಗಿಡಕ್ಕೆ ಅಂತರ ಅಳೆದು ನೆಡಿಸಿದೆ. ಅವಳಿಗೆ ನಗು ಬಂತು.

"ಟ್ರಾಮ್ ಸ್ಟಾಪಲ್ಲಿ ನಮ್ ಜನ ನಿಂತಂಗಿದೆಯಲ್ಲೇ! ಮೈಗೆ ಮೈ ತಾಕಬಾರ್ದು."

"ನಗು, ನಗು. ಮೂರನೇ ಬೇಸಿಗೆಗೆ ಒಂದಿಂಚೂ ಖಾಲಿ ಇರಲ್ಲ."

"ಮೂರನೇದಾ? ನಂಗೆ ಈ ಬೇಸಿಗೇಲೇ ಏನಾದ್ರೂ ಅರಳಬೇಕಿತ್ತು. ಮಧ್ಯೆ ಮಧ್ಯೆ ಈ ಬೀಜ ಹಾಕೋಣ್ವಾ?"

"ಎಳೇ ಗಿಡದ ನೀರು, ಬೆಳಕು ಎಲ್ಲಾ ಅವೇ ನುಂಗ್ತವೆ. ಇಷ್ಟು ವರ್ಷ ಟ್ರಾಮ್ ಓಡಿಸಿದೋಳಿಗೆ ತಾಳ್ಮೆ ಇಲ್ವೇನೇ?"

"ಕೊನೇ ಸ್ಟಾಪ್‌ವರೆಗೂ ಎಲ್ರೂ ಬರಲ್ಲ ಕಣೇ" ಎಂದು ಪೊಟ್ಟಣಗಳನ್ನು ನನ್ನ ಕೈಗಿತ್ತಳು. ಹೊಸಬರ ಆತುರ ಎಂದುಕೊಂಡು ಮೇಜಿನ ಖಾನೆಗೆ ಹಾಕಿದೆ.

ಆ ಬೇಸಿಗೆ ಅವಳ ಪಾತಿಯಲ್ಲಿ ನಾಲ್ಕಾರು ಎಲೆ, ಉಳಿದದ್ದು ಬರಿ ಮಣ್ಣು. ಗುನ್ವೋರ್ ದೂರಲಿಲ್ಲ. ಕುರ್ಚಿಯನ್ನು ನನ್ನ ಪಾತಿಯ ಕಡೆಗೆ ತಿರುಗಿಸಿಕೊಂಡು ಕಾಫಿ ಕುಡಿಯುತ್ತಿದ್ದಳು. ನವೆಂಬರಿನಲ್ಲಿ ಅವಳ ತಂಗಿ ತೋಟದ ಮನೆಯ ಬೀಗದ ಕೈ ಹಿಂದಿರುಗಿಸಲು ಬಂದಳು. ಕಾಯಿಲೆಯ, ಸಾವಿನ ವಿಷಯ ಹೇಳಿದವಳು ಅವಳೇ.

"ನಿಮಗೆ ಹೇಳಿರ್ಲಿಲ್ವಾ?" ಎಂದಳು.

"ನಾನು ಕೇಳಿರ್ಲಿಲ್ಲ" ಎಂದೆ.

ಈಗ ಹೊಸಬರು ಬಂದರೆ, ಬಿಸಿಲಿಗೂ ಮಣ್ಣಿಗೂ ಮೊದಲು, ಹೂವು ಯಾವಾಗ ಬೇಕೆಂದು ಕೇಳುತ್ತೇನೆ. ಕೆಲವರು ವಿಚಿತ್ರವಾಗಿ ನೋಡುತ್ತಾರೆ.

ಮೂರನೆಯ ಬೇಸಿಗೆಯಲ್ಲಿ ಗುನ್ವೋರಳ ಪಾತಿ ನಕ್ಷೆಯಲ್ಲಿದ್ದಂತೆಯೇ ತುಂಬಿ ಅರಳಿತು. ನಕ್ಷೆಯಲ್ಲಿ ತಪ್ಪಿರಲಿಲ್ಲ. ಅವಳು ಕೇಳಿದಂತೆ ಬೀಜ ಹಾಕಿದ್ದರೆ ಆ ಮೊದಲ ಬೇಸಿಗೆಯ ಜುಲೈನಲ್ಲೇ ಹೂ ಬರುತ್ತಿತ್ತು. ಪಿಯೋನಿ ಒಂದು ವರ್ಷ ತಡವಾಗುತ್ತಿತ್ತು, ಅಷ್ಟೇ.